ಪರದೆ ಮೂಡಿದ ಮೇಲಿನ ಕಾಲಹರಣ

ಗ್ರಾಮ ಪಂಚಾಯಿತಿಯ ಕಚೇರಿಯಲ್ಲಾಗಲಿ, ಸರ್ಕಾರಿ ಪ್ರೌಢಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಾಗಲಿ, ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯಲ್ಲಾಗಲಿ, ಬೆಳಗಿನ ಹೊತ್ತು ಗಣಕಯಂತ್ರದ ಗುಂಡಿಯನ್ನು ಒತ್ತಿ ಕುಳಿತವರಿಗೆ ಒಂದು ಅನುಭವ ಸರ್ವಸಾಮಾನ್ಯವಾಗಿದೆ. ಪರದೆಯ ಮೇಲೆ ಡೆಸ್ಕ್‌ಟಾಪ್ ಮೂಡುತ್ತದೆ. ಕಡತಗಳ ಚಿಹ್ನೆಗಳೆಲ್ಲ ತಮ್ಮ ತಮ್ಮ ಸ್ಥಾನಗಳಲ್ಲಿ ಕಾಣುತ್ತವೆ. ಆದರೆ ಮೌಸ್ ಒತ್ತಿದರೆ ಯಾವುದೂ ತೆರೆಯದು, ಬಾಣದ ಪಕ್ಕದ ಚಕ್ರ ತಿರುಗುತ್ತಲೇ ಇರುತ್ತದೆ, ಪಹಣಿಗೋ ಆದಾಯ ಪ್ರಮಾಣಪತ್ರಕ್ಕೋ ಬಂದು ಕೌಂಟರಿನ ಈಚೆ ನಿಂತವರು ಸಿಬ್ಬಂದಿಯ ಮುಖವನ್ನೇ ನೋಡುತ್ತಿರುತ್ತಾರೆ. ಈ ವ್ಯಾಧಿಗೆ ನಮ್ಮಲ್ಲಿ ಪ್ರಚಲಿತವಾಗಿರುವ ನಿದಾನ ಒಂದೇ: ಯಂತ್ರಕ್ಕೆ ವಯಸ್ಸಾಯಿತು. ಅದಕ್ಕೆ ಚಿಕಿತ್ಸೆಗಳೂ ಎರಡೇ: ಎಲ್ಲವನ್ನೂ ಅಳಿಸಿ ಫಾರ್ಮ್ಯಾಟ್ ಮಾಡಿಸುವುದು, ಅಥವಾ ಹೊಸದನ್ನು ಕೊಳ್ಳುವುದು. ಈ ನಿದಾನ ಬಹುಮಟ್ಟಿಗೆ ತಪ್ಪೆಂದೂ, ಪರದೆ ಮೂಡಿದ ಮೇಲೆ ವ್ಯರ್ಥವಾಗುವ ಕಾಲವು ಯಂತ್ರದ ವೃದ್ಧಾಪ್ಯದಿಂದಲ್ಲ, ಒಡೆಯನ ಅಪ್ಪಣೆಯನ್ನು ಪಡೆಯದೆ ಅವನ ಯಂತ್ರದ ಆದಿಕಾಲವನ್ನು ಆಕ್ರಮಿಸಿಕೊಂಡಿರುವ ತಂತ್ರಾಂಶಗಳಿಂದ ನಷ್ಟವಾಗುತ್ತಿದೆಯೆಂದೂ, ಅದನ್ನು ಅರಿತು ತಡೆಯುವ ಹಕ್ಕು ಯಂತ್ರವನ್ನು ಕೊಂಡವನಿಗೆ ಸ್ಪಷ್ಟವಾಗಿ ದೊರೆಯಬೇಕೆಂದೂ ನಾನು ನಂಬಿದ್ದೇನೆ.

ಗುಂಡಿಯನ್ನೊತ್ತಿದ ಕ್ಷಣದಿಂದ ಯಂತ್ರವು ನಮ್ಮ ಮಾತಿಗೆ ವಿಧೇಯವಾಗುವ ಕ್ಷಣದವರೆಗಿನ ಅವಧಿಯಲ್ಲಿ ಎರಡು ಖಂಡಗಳಿವೆ. ಮೊದಲನೆಯದರಲ್ಲಿ, ಮದರ್‌ಬೋರ್ಡಿನಲ್ಲಿ ನೆಲೆಸಿರುವ ಬಯಾಸ್ ಅಥವಾ ಅದರ ಉತ್ತರಾಧಿಕಾರಿಯಾದ ಯುಇಎಫ್‌ಐ ಎಂಬ ಮೂಲ ತಂತ್ರಾಂಶವು ಮೆಮೊರಿ, ಕೀಲಿಮಣೆ, ಡಿಸ್ಕ್ ಮೊದಲಾದ ಅಂಗಗಳನ್ನು ಪರೀಕ್ಷಿಸುತ್ತದೆ. ಬಳಿಕ ಕಾರ್ಯಾಚರಣ ವ್ಯವಸ್ಥೆಯ ತಿರುಳು ಡಿಸ್ಕಿನಿಂದ ಮೆಮೊರಿಗೆ ಬರುತ್ತದೆ. ಯಂತ್ರದ ಅಂಗಗಳನ್ನು ನಡೆಸುವ ಡ್ರೈವರುಗಳೂ ತೆರೆಮರೆಯಲ್ಲಿ ದುಡಿಯುವ ಸರ್ವಿಸ್‌ಗಳೂ ಒಂದೊಂದಾಗಿ ಚಲಿಸತೊಡಗುತ್ತವೆ. ಪಾಸ್‌ವರ್ಡ್ ಸ್ವೀಕೃತವಾಗಿ ಡೆಸ್ಕ್‌ಟಾಪ್ ಮೂಡುತ್ತದೆ. ಇಲ್ಲಿ ತಡವಾದರೆ ಕಾರಣವನ್ನು ಹುಡುಕುವುದು ಅಷ್ಟು ಕಷ್ಟವಲ್ಲ. ಮರೆತು ಬಿಟ್ಟ ಪೆನ್‌ಡ್ರೈವ್ ಒಂದು ಕೆಲವು ಯಂತ್ರಗಳನ್ನು ಕಂಪನಿಯ ಲಾಂಛನದ ಬಳಿಯೇ ನಿಲ್ಲಿಸಿಬಿಡುವುದುಂಟು. ಎರಡನೆಯ ಖಂಡವು ಡೆಸ್ಕ್‌ಟಾಪ್ ಮೂಡಿದ ಮೇಲಿನದು. ನಮ್ಮ ಜನರ ಹೊತ್ತು ಹೆಚ್ಚಾಗಿ ಹಾಳಾಗುವುದು ಇಲ್ಲಿಯೇ, ಮತ್ತು ಇದರ ವಿಷಯದಲ್ಲಿಯೇ ಅವರಿಗೆ ಯಾರೂ ಏನನ್ನೂ ಹೇಳದಿರುವುದು.

ಈ ಕಾಲದ ಬೆಲೆಯನ್ನು ಯಂತ್ರನಿರ್ಮಾಪಕರು ಅರಿಯದವರಲ್ಲ. 1983ರಲ್ಲಿ ಮ್ಯಾಕಿಂಟಾಷ್ ಗಣಕವು ಸಿದ್ಧವಾಗುತ್ತಿದ್ದಾಗ, ಅದು ಎಚ್ಚರಗೊಳ್ಳಲು ತೆಗೆದುಕೊಳ್ಳುತ್ತಿದ್ದ ಸಮಯವು ಸ್ಟೀವ್ ಜಾಬ್ಸ್ ಅವರಿಗೆ ಒಪ್ಪಿಗೆಯಾಗದೆ, ಲ್ಯಾರಿ ಕೆನ್ಯನ್ ಎಂಬ ಎಂಜಿನಿಯರರಿಗೆ, ಮುಂದೆ ಐವತ್ತು ಲಕ್ಷ ಜನ ಇದನ್ನು ಬಳಸುವಾಗ ದಿನವೊಂದಕ್ಕೆ ಹತ್ತು ಸೆಕೆಂಡು ಉಳಿಸಿದರೂ ಅದು ಎಷ್ಟೋ ಮನುಷ್ಯರ ಆಯುಸ್ಸನ್ನು ಉಳಿಸಿದಂತೆ ಎಂಬ ಅರ್ಥದ ಮಾತನ್ನು ಹೇಳಿದರೆಂದು ಆ ತಂಡದಲ್ಲಿದ್ದ ಆಂಡಿ ಹರ್ಟ್ಸ್‌ಫೆಲ್ಡ್ ಬರೆದಿಟ್ಟಿದ್ದಾರೆ. ಲೆಕ್ಕ ಹಾಕಿ ನೋಡಿದರೆ ಐವತ್ತು ಲಕ್ಷ ಜನರ ಹತ್ತು ಸೆಕೆಂಡು ಎಂದರೆ ಐದು ಕೋಟಿ ಸೆಕೆಂಡು, ಅಂದರೆ ಸುಮಾರು 579 ದಿನ. ಒಂದೇ ಒಂದು ಬೆಳಗಿನಲ್ಲಿ ಮನುಷ್ಯಕುಲವು ಕಳೆದುಕೊಳ್ಳುವ ಒಂದೂವರೆ ವರ್ಷಕ್ಕೂ ಮಿಕ್ಕ ಕಾಲ. ಮುಂದೆ 2001ರಲ್ಲಿ ವಿಂಡೋಸ್ ಎಕ್ಸ್‌ಪಿಯನ್ನು ಹೊರತಂದಾಗ ಮೈಕ್ರೋಸಾಫ್ಟ್, ಯಂತ್ರವು 30 ಸೆಕೆಂಡುಗಳೊಳಗೆ ಬಳಕೆಗೆ ಯೋಗ್ಯವಾದ ಸ್ಥಿತಿಗೆ ಬರಬೇಕೆಂಬ ಗುರಿಯನ್ನು ತನಗೂ ಯಂತ್ರ ತಯಾರಕರಿಗೂ ವಿಧಿಸಿಕೊಂಡಿತ್ತು. ಪರದೆ ಮೂಡುವುದನ್ನಲ್ಲ, ಬಳಕೆಗೆ ಒದಗುವುದನ್ನು ಆ ಗುರಿಯು ಲಕ್ಷಿಸಿತ್ತೆಂಬುದನ್ನು ಗಮನಿಸಬೇಕು.

ಆ ಬಳಿಕ ನಡೆದ ಸುಧಾರಣೆಗಳಲ್ಲಿ ಒಂದು ವಿಚಿತ್ರ ಪ್ರವೃತ್ತಿ ಕಾಣುತ್ತದೆ. ವಿಂಡೋಸ್ ವಿಸ್ಟಾದಲ್ಲಿ, ತುರ್ತಿಲ್ಲದ ಸರ್ವಿಸ್‌ಗಳು ಆರಂಭದ ಗದ್ದಲ ಮುಗಿದು ಸುಮಾರು ಎರಡು ನಿಮಿಷ ಕಳೆದ ಮೇಲೆ ಚಲಿಸಲೆಂಬ ಏರ್ಪಾಡು ಬಂದಿತು. 2012ರ ವಿಂಡೋಸ್ 8ರಿಂದ ಈಚೆಗೆ, ಡೆಸ್ಕ್‌ಟಾಪ್ ಮೂಡಿದ ಮೇಲೆ ಸ್ವಯಂಚಾಲಿತವಾಗಿ ತೆರೆದುಕೊಳ್ಳುವ ತಂತ್ರಾಂಶಗಳನ್ನು ಸುಮಾರು 10 ಸೆಕೆಂಡು ತಡೆಹಿಡಿದು ಆಮೇಲೆ ಬಿಡುವ ಪದ್ಧತಿಯೂ ಸೇರಿತು. ಬಿಡಿಬಿಡಿಯಾಗಿ ನೋಡಿದರೆ ಇವುಗಳಲ್ಲಿ ಯಾವುದೂ ಅವಿವೇಕವಲ್ಲ. ಮುಖ್ಯವಾದುದು ಮೊದಲು ನಡೆಯಲಿ, ಉಳಿದದ್ದು ಕಾಯಲಿ ಎಂಬುದು ಯಾವ ಕಾರ್ಯದಲ್ಲಿಯೂ ಒಪ್ಪತಕ್ಕ ನ್ಯಾಯ. ಆದರೆ ಎಲ್ಲದರ ಒಟ್ಟು ಪರಿಣಾಮವೇನಾಯಿತೆಂದರೆ, ಡೆಸ್ಕ್‌ಟಾಪಿನ ಮುಂಚೆ ಇದ್ದ ಕಾಯುವಿಕೆಯು ಕಡಮೆಯಾಗುವುದಕ್ಕಿಂತ ಹೆಚ್ಚಾಗಿ ಡೆಸ್ಕ್‌ಟಾಪಿನ ಈಚೆಗೆ ಸ್ಥಳಾಂತರಗೊಂಡಿತು. ಪರದೆ ಬೇಗ ಮೂಡಿತು; ಯಂತ್ರ ಬೇಗ ಸಿದ್ಧವಾಗಲಿಲ್ಲ. ಜಾಹೀರಾತಿನಲ್ಲಿ ಹೇಳಿದಷ್ಟು ಸೆಕೆಂಡುಗಳಲ್ಲಿ ಚಿತ್ರ ಬಂದುದು ನಿಜ. ಆ ಚಿತ್ರವನ್ನು ಮುಟ್ಟಿದರೆ ಉತ್ತರ ಬರಲಿಲ್ಲವೆಂಬುದೂ ಅಷ್ಟೇ ನಿಜ.

ಸತ್ಯವಾದ ಅಳತೆಯು ಯಾರಿಗೂ ಗೊತ್ತಿಲ್ಲವೆಂದಲ್ಲ, ಅದು ಯಂತ್ರದ ಒಳಗೇ ಇದೆ. ವಿಂಡೋಸಿನ ಈವೆಂಟ್ ವ್ಯೂವರ್ ಎಂಬ ದಿನಚರಿಯಲ್ಲಿ, ಮೈಕ್ರೋಸಾಫ್ಟ್, ವಿಂಡೋಸ್, ಡಯಾಗ್ನಾಸ್ಟಿಕ್ಸ್ ಪರ್ಫಾರ್ಮೆನ್ಸ್ ಎಂಬ ಶೀರ್ಷಿಕೆಗಳನ್ನು ಒಂದರೊಳಗೊಂದು ತೆರೆದು ಹೋದರೆ, 100ನೆಯ ಸಂಖ್ಯೆಯ ಘಟನೆಯೊಂದು ದೊರೆಯುತ್ತದೆ. ಯಂತ್ರವು ಎಚ್ಚರಗೊಳ್ಳಲು ಒಟ್ಟು ಎಷ್ಟು ಕಾಲ ಹಿಡಿಯಿತು, ಅದರಲ್ಲಿ ಡೆಸ್ಕ್‌ಟಾಪಿನವರೆಗೆ ಎಷ್ಟು, ಅದರ ಬಳಿಕ ಎಷ್ಟು ಎಂಬುದನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗದ ನಿಖರತೆಯಿಂದ ಅಲ್ಲಿ ಬೇರೆ ಬೇರೆಯಾಗಿ ಬರೆದಿರುತ್ತದೆ. ಯಂತ್ರವು ನೂರಕ್ಕೆ ಎಂಬತ್ತು ಭಾಗ ಬಿಡುವಾಗಿದ್ದು, ಹತ್ತು ಸೆಕೆಂಡುಗಳಷ್ಟು ಆ ಬಿಡುವು ಕೂಡಿಬಂದ ಮೇಲೆಯೇ ಆರಂಭಕಾರ್ಯ ಮುಗಿಯಿತೆಂದು ಆ ದಿನಚರಿ ಒಪ್ಪುತ್ತದೆ. ತಡಮಾಡಿದ ತಂತ್ರಾಂಶ ಯಾವುದೆಂದು 101, ಡ್ರೈವರ್ ಯಾವುದೆಂದು 102, ಸರ್ವಿಸ್ ಯಾವುದೆಂದು 103ನೆಯ ಸಂಖ್ಯೆಗಳು ಹೆಸರು ಹಿಡಿದು ಹೇಳುತ್ತವೆ. ಇಷ್ಟು ಪ್ರಾಮಾಣಿಕವಾದ ಸಾಕ್ಷ್ಯವನ್ನು ಬರೆದಿಟ್ಟುಕೊಂಡ ವ್ಯವಸ್ಥೆಯು, ಅದನ್ನು ನಾಲ್ಕಾರು ಪದರಗಳ ಕೆಳಗೆ, ತಜ್ಞನಲ್ಲದವನು ಎಂದಿಗೂ ಹೋಗದ ಮೂಲೆಯಲ್ಲಿ ಇರಿಸಿರುವುದೇಕೆ? ಇಂದು ನಿನ್ನ ಯಂತ್ರ ಸಿದ್ಧವಾಗಲು ಇಷ್ಟು ಹೊತ್ತು ಹಿಡಿಯಿತು, ತಡಮಾಡಿದವು ಇವು, ಎಂದು ಒಡೆಯನ ಕಣ್ಣೆದುರಿಗೆ ಎರಡು ಸಾಲು ಬರೆದು ತೋರಿಸಲು ಯಾವ ತಾಂತ್ರಿಕ ಅಡ್ಡಿಯೂ ಇಲ್ಲ.

ಹಾಗಾದರೆ ಆ ಹೊತ್ತನ್ನು ಆಕ್ರಮಿಸುವವು ಯಾವುವು? ವಿಂಡೋಸಿನ ಹೊಂದಾಣಿಕೆಗಳ ಕೋಶವಾದ ರಿಜಿಸ್ಟ್ರಿಯ ರನ್ ಎಂಬ ನಮೂದುಗಳಲ್ಲಿ, ಸ್ಟಾರ್ಟ್‌ಅಪ್ ಎಂಬ ಫೋಲ್ಡರಿನಲ್ಲಿ, ಟಾಸ್ಕ್ ಷೆಡ್ಯೂಲರಿನಲ್ಲಿ, ಸರ್ವಿಸ್‌ಗಳ ಪಟ್ಟಿಯಲ್ಲಿ, ಹೀಗೆ ಹಲವು ಬಾಗಿಲುಗಳಿಂದ ತಂತ್ರಾಂಶಗಳು ಯಂತ್ರದ ಪ್ರಾರಂಭದೊಡನೆ ಪ್ರವೇಶಿಸಬಲ್ಲವು. ಪ್ರಿಂಟರಿನ ಶಾಯಿ ನೋಡುವುದೊಂದು, ಪಿಡಿಎಫ್ ಓದುಗದ ಹೊಸ ಆವೃತ್ತಿ ಬಂದಿದೆಯೇ ಎಂದು ವಿಚಾರಿಸುವುದೊಂದು, ಕಡತಗಳನ್ನು ದೂರದ ಸರ್ವರಿಗೆ ನಕಲು ಮಾಡುವುದೊಂದು, ವಿಡಿಯೋ ಸಭೆಗಾಗಿ ಸದಾ ಸನ್ನದ್ಧವಾಗಿರುವುದೊಂದು. ನಮ್ಮ ಸೇವಾಕೇಂದ್ರಗಳ ಯಂತ್ರಗಳಲ್ಲಿ ಇವುಗಳ ಜತೆಗೆ ಡಿಜಿಟಲ್ ಸಹಿಯ ಟೋಕನ್ನಿನ ತಂತ್ರಾಂಶವೂ, ಆಧಾರ್ ದೃಢೀಕರಣಕ್ಕಾಗಿ ಬೆರಳಚ್ಚು ಯಂತ್ರದ ಆರ್‌ಡಿ ಸರ್ವಿಸ್ ಎಂಬುದೂ ಇರುತ್ತವೆ. ಕೆಟ್ಟುಹೋಗಿ ಮೂಲೆ ಸೇರಿದ ಹಳೆಯ ಬೆರಳಚ್ಚು ಯಂತ್ರದ ಸರ್ವಿಸನ್ನು ತೆಗೆದುಹಾಕದೆ ಹೊಸದನ್ನು ಅದರ ಮೇಲೆಯೇ ಹಾಕಿರುವುದು ಅಪರೂಪವಲ್ಲ. ಪ್ರತಿಯೊಂದನ್ನೂ ಬರೆದ ಎಂಜಿನಿಯರನು ತನ್ನದೊಂದೇ ಆ ಯಂತ್ರದಲ್ಲಿ ವಾಸಿಸುವುದೆಂದು ಭಾವಿಸಿ ಬರೆದಿದ್ದಾನೆ. ತನಗೆ ಬೇಕಾದುದು ಕೇವಲ ಎರಡು ಸೆಕೆಂಡು ಎಂದು ಅವನು ಹೇಳಿದರೆ ಅದು ಸುಳ್ಳಲ್ಲ. ಇಪ್ಪತ್ತು ಮಂದಿ ಏಕಕಾಲಕ್ಕೆ ಕೇಳುವ ಎರಡೆರಡು ಸೆಕೆಂಡುಗಳು ನಲವತ್ತಕ್ಕೂ ಎಷ್ಟೋ ಹೆಚ್ಚಾಗುತ್ತವೆಂಬುದನ್ನು ಮಾತ್ರ ಅವನು ಎಣಿಸಿಲ್ಲ.

ಅದು ಹೇಗೆ ಹೆಚ್ಚಾಗುತ್ತದೆಂಬುದನ್ನು ತಿಳಿಯಲು ಹಾರ್ಡ್ ಡಿಸ್ಕಿನ ಅಂತರಂಗವನ್ನು ಸ್ವಲ್ಪ ನೋಡಬೇಕು. ಸಾಮಾನ್ಯ ಲ್ಯಾಪ್‌ಟಾಪಿನ ಹಳೆಯ ಹಾರ್ಡ್ ಡಿಸ್ಕಿನ ತಟ್ಟೆಯು ನಿಮಿಷಕ್ಕೆ 5400 ಸಲ ಸುತ್ತುತ್ತದೆ. ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಮಾಹಿತಿಯು ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಆ ತಲೆಯನ್ನು ಹೊತ್ತ ತೋಳು ಸರಿಯಾದ ವೃತ್ತಕ್ಕೆ ಚಲಿಸಲು ಇನ್ನೊಂದಷ್ಟು ಹೊತ್ತು ಬೇಕು. ಹೀಗಾಗಿ ಚದುರಿಹೋದ ಸಣ್ಣಪುಟ್ಟ ಕಡತಗಳನ್ನು ಓದುವಾಗ ಇಂಥ ಡಿಸ್ಕು ಸೆಕೆಂಡಿಗೆ ನೂರು ಕೋರಿಕೆಗಳನ್ನು ಪೂರೈಸುವುದೂ ಕಷ್ಟ. ಒಂದೇ ರಾಟೆಯಿರುವ ಬಾವಿಗೆ ಇಪ್ಪತ್ತು ಜನ ಬಂದು, ಯಾರೂ ತಮ್ಮ ಕೊಡ ತುಂಬುವವರೆಗೆ ಸೇದದೆ, ಒಂದೊಂದು ಚೊಂಬು ನೀರು ಸೇದಿ ಹಗ್ಗವನ್ನು ಮತ್ತೊಬ್ಬರಿಗೆ ಕೊಟ್ಟು ಸಾಲಿನ ಕೊನೆಗೆ ಹೋಗಿ ನಿಂತರೆ, ನೀರಿಗಿಂತ ಹಗ್ಗ ಕೈಬದಲಾಗುವುದರಲ್ಲಿಯೇ ಹೆಚ್ಚು ಹೊತ್ತು ಕಳೆಯುವಂತೆ, ಇಪ್ಪತ್ತು ತಂತ್ರಾಂಶಗಳು ಒಟ್ಟಿಗೆ ಕೇಳಿದಾಗ ಆ ತೋಳು ಓದುವುದಕ್ಕಿಂತ ಅಲೆಯುವುದೇ ಅಧಿಕವಾಗುತ್ತದೆ. ಎಸ್‌ಎಸ್‌ಡಿ ಎಂಬ ಡಿಸ್ಕಿನಲ್ಲಿ ತಟ್ಟೆಯೂ ಇಲ್ಲ, ತೋಳೂ ಇಲ್ಲ; ಅದು ಸೆಕೆಂಡಿಗೆ ಹತ್ತಾರು ಸಾವಿರ ಕೋರಿಕೆಗಳಿಗೆ ಉತ್ತರ ಕೊಡಬಲ್ಲದು. ಆದಕಾರಣ, ಹಾರ್ಡ್ ಡಿಸ್ಕಿರುವ ಹಳೆಯ ಯಂತ್ರವೊಂದನ್ನು ಎಸೆಯುವ ಮೊದಲು ಅದರ ಡಿಸ್ಕೊಂದನ್ನೇ ಬದಲಾಯಿಸಿ ನೋಡದಿರುವುದು ಸಾರ್ವಜನಿಕ ಹಣದ ದುರ್ವ್ಯಯವೆಂದೇ ನಾನು ಹೇಳುತ್ತೇನೆ. ಡಿಸ್ಕು ಕೆಡುತ್ತಿರುವುದರಿಂದಲೇ ನಿಧಾನವಾಗಿರುವ ಸಂದರ್ಭಗಳೂ ಉಂಟು. ಓದಲಾಗದ ಭಾಗವನ್ನು ಅದು ಮತ್ತೆ ಮತ್ತೆ ಓದಲೆತ್ನಿಸುತ್ತ ಇಡೀ ಯಂತ್ರವನ್ನು ನಿಲ್ಲಿಸಿಬಿಡುತ್ತದೆ. ಅಂಥ ಸಂದೇಹ ಬಂದೊಡನೆ ಮಾಡತಕ್ಕ ಮೊದಲ ಕೆಲಸ ವೇಗದ ಚಿಂತೆಯಲ್ಲ, ಕಡತಗಳನ್ನು ಬೇರೊಂದೆಡೆ ನಕಲು ಮಾಡಿಟ್ಟುಕೊಳ್ಳುವುದು.

ಪರೀಕ್ಷೆಯ ಕ್ರಮವು ಕಠಿನವಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ತೆರೆಯುವ ಟಾಸ್ಕ್ ಮ್ಯಾನೇಜರಿನಲ್ಲಿ, ಪರದೆ ಮೂಡಿದ ಮೊದಲ ನಿಮಿಷಗಳಲ್ಲಿ ಡಿಸ್ಕು ನೂರಕ್ಕೆ ನೂರು ದುಡಿಯುತ್ತಿದೆಯೋ, ಪ್ರೊಸೆಸರ್ ದುಡಿಯುತ್ತಿದೆಯೋ, ಮೆಮೊರಿ ತುಂಬಿಹೋಗಿದೆಯೋ ಎಂಬುದು ಕಾಣುತ್ತದೆ. ಅದೇ ಕಿಟಕಿಯ ಸ್ಟಾರ್ಟ್‌ಅಪ್ ವಿಭಾಗದಲ್ಲಿ ತಾವಾಗಿ ತೆರೆಯುವ ತಂತ್ರಾಂಶಗಳ ಪಟ್ಟಿಯಿದೆ. ಪ್ರತಿಯೊಂದರ ಪ್ರಭಾವ ಹೆಚ್ಚೋ ಕಡಮೆಯೋ ಎಂಬ ಟಿಪ್ಪಣಿಯೂ ಇದೆ. ಬೇಡವಾದುದನ್ನು ಅಲ್ಲಿಯೇ ತಡೆಯಬಹುದು. ತಡೆಯುವುದೆಂದರೆ ಅಳಿಸುವುದಲ್ಲವಾದ್ದರಿಂದ ಭಯಕ್ಕೆ ಕಾರಣವಿಲ್ಲ, ಬೇಕಾದಾಗ ಆ ತಂತ್ರಾಂಶವನ್ನು ಕೈಯಾರೆ ತೆರೆಯಬಹುದು. ಅಲ್ಲಿ ಕಾಣದವುಗಳನ್ನೂ ತೋರಿಸುವ ಆಟೋರನ್ಸ್ ಎಂಬ ಉಚಿತ ಸಾಧನವನ್ನು ಮಾರ್ಕ್ ರಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ರಚಿಸಿದರು. 2006ರಲ್ಲಿ ಅವರ ಸಂಸ್ಥೆಯನ್ನು ಮೈಕ್ರೋಸಾಫ್ಟ್ ಕೊಂಡ ಮೇಲೆಯೂ ಅದು ಉಚಿತವಾಗಿಯೇ ಉಳಿದಿದೆ. ಒಂದು ವಿವೇಕವನ್ನು ಮಾತ್ರ ಬಿಡಕೂಡದು: ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಯಂತ್ರವನ್ನು ಮತ್ತೆ ಆರಂಭಿಸಿ ನೋಡಬೇಕು, ಹತ್ತನ್ನು ಒಮ್ಮೆಗೇ ಬದಲಾಯಿಸಿದವನಿಗೆ ಗುಣವಾದರೂ ಯಾವುದರಿಂದ ಗುಣವಾಯಿತೆಂದು ತಿಳಿಯದು. ಹೊಸ ಬಳಕೆದಾರನ ಖಾತೆಯೊಂದನ್ನು ಸೃಷ್ಟಿಸಿ ಅದರಲ್ಲಿ ಪ್ರವೇಶಿಸಿದಾಗ ಯಂತ್ರವು ಚುರುಕಾಗಿದ್ದರೆ, ದೋಷವು ಯಂತ್ರದಲ್ಲಿಲ್ಲ, ಹಳೆಯ ಖಾತೆಯಲ್ಲಿದೆ ಎಂದು ನಿಶ್ಚಯಿಸಬಹುದು. ಇಷ್ಟು ಸುಲಭವಾಗಿ ಇಷ್ಟು ದೊಡ್ಡ ಪ್ರಶ್ನೆಯನ್ನು ತೀರ್ಮಾನಿಸುವ ಪರೀಕ್ಷೆ ಮತ್ತೊಂದಿಲ್ಲ.

ಕೆಲವೊಮ್ಮೆ ಡಿಸ್ಕೂ ಪ್ರೊಸೆಸರೂ ಸುಮ್ಮನಿರುತ್ತವೆ, ಆದರೂ ಪರದೆಯು ಮರುನುಡಿಯದು. ಇದು ಬೇರೆಯೇ ಜಾತಿಯ ವ್ಯಾಧಿ. ಯಂತ್ರವು ಇಲ್ಲಿ ದುಡಿಯುತ್ತಿಲ್ಲ, ಯಾರದೋ ಉತ್ತರಕ್ಕಾಗಿ ಕಾಯುತ್ತಿದೆ. ಕಚೇರಿಯ ಸರ್ವರಿನಲ್ಲಿದ್ದ ಫೋಲ್ಡರೊಂದನ್ನು ಹಿಂದೆಂದೋ ಝಡ್ ಡ್ರೈವ್ ಎಂದು ಜೋಡಿಸಿಕೊಂಡು, ಆ ಸರ್ವರ್ ಈಗ ಇಲ್ಲವಾಗಿದ್ದರೂ ಜೋಡಣೆ ಉಳಿದಿದ್ದರೆ, ಅಥವಾ ಮತ್ತೊಂದು ಕೊಠಡಿಯ ಯಂತ್ರದಲ್ಲಿದ್ದ ಕಡತಕ್ಕೆ ಡೆಸ್ಕ್‌ಟಾಪಿನ ಮೇಲೆ ಶಾರ್ಟ್‌ಕಟ್ ಇದ್ದರೆ, ಪ್ರತಿ ಬೆಳಗೂ ಯಂತ್ರವು ಇಲ್ಲದ ವಿಳಾಸವನ್ನು ಕೂಗಿ ಕರೆದು, ನಿಗದಿಯಾದ ಗಡುವು ತೀರುವವರೆಗೆ ಮೌನವಾಗಿ ನಿಲ್ಲುತ್ತದೆ. ಸಿಬ್ಬಂದಿ ವರ್ಗವಾಗಿ ಹೋದರೂ ಅವರು ಮಾಡಿಟ್ಟ ಜೋಡಣೆಗಳು ಉಳಿಯುವ ಕಚೇರಿಗಳಲ್ಲಿ ಇದು ವಿಶೇಷವಾಗಿ ಸಂಭವಿಸುತ್ತದೆ. ಸಂದೇಹವಿದ್ದರೆ ನೆಟ್‌ವರ್ಕ್ ತಂತಿಯನ್ನು ಕಳಚಿ ಯಂತ್ರವನ್ನು ಆರಂಭಿಸಿ ನೋಡಬೇಕು. ತಡದಲ್ಲಿ ಆಗುವ ವ್ಯತ್ಯಾಸವೇ ಅರ್ಧ ಉತ್ತರವನ್ನು ಹೇಳುತ್ತದೆ. ಇಂಥ ಯಂತ್ರಕ್ಕೆ ಹೊಸ ಡಿಸ್ಕನ್ನು ಹಾಕಿದರೂ, ಮೆಮೊರಿಯನ್ನು ಇಮ್ಮಡಿಗೊಳಿಸಿದರೂ, ಅಷ್ಟೇಕೆ ಯಂತ್ರವನ್ನೇ ಬದಲಾಯಿಸಿ ಹಳೆಯ ಜೋಡಣೆಗಳನ್ನೆಲ್ಲ ಅದಕ್ಕೆ ವರ್ಗಾಯಿಸಿದರೂ, ತಡವು ಒಂದು ಕ್ಷಣವೂ ಕಡಮೆಯಾಗದು.

ಇನ್ನೊಂದು ವಿಷಯವನ್ನು ಜನ ಸಾಮಾನ್ಯವಾಗಿ ಅರಿಯರು. ವಿಂಡೋಸ್ 8ರಿಂದ ಈಚೆಗೆ ಸಂಜೆ ಶಟ್‌ಡೌನ್ ಮಾಡಿದಾಗ, ಫಾಸ್ಟ್ ಸ್ಟಾರ್ಟ್‌ಅಪ್ ಎಂಬ ಸೌಕರ್ಯವಿರುವ ಯಂತ್ರವು ಪೂರ್ಣವಾಗಿ ಮುಚ್ಚಿಕೊಳ್ಳುವುದಿಲ್ಲ. ವ್ಯವಸ್ಥೆಯ ತಿರುಳಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಂಡು ಬೆಳಿಗ್ಗೆ ಅದನ್ನೇ ಮತ್ತೆ ಮೆಮೊರಿಗೆ ತಂದುಕೊಳ್ಳುತ್ತದೆ. ಆದ್ದರಿಂದ ಡ್ರೈವರಿನಲ್ಲಿ ಸೇರಿದ ಗೊಂದಲವೊಂದು ವಾರಗಟ್ಟಲೆ, ದಿನವೂ ಮುಚ್ಚಿ ತೆರೆದರೂ, ಹಾಗೆಯೇ ಉಳಿಯಬಲ್ಲದು. ರೀಸ್ಟಾರ್ಟ್ ಎಂಬುದನ್ನು ಆರಿಸಿದರೆ ತಿರುಳು ಹೊಸದಾಗಿ ಹುಟ್ಟುತ್ತದೆ.

ವೇಗವನ್ನು ಹೆಚ್ಚಿಸುತ್ತೇವೆ, ರಿಜಿಸ್ಟ್ರಿಯನ್ನು ಶುದ್ಧಿಮಾಡುತ್ತೇವೆ ಎಂದು ಜಾಹೀರಾತು ನೀಡುವ ತಂತ್ರಾಂಶಗಳ ವಿಷಯದಲ್ಲಿ ಓದುಗರನ್ನು ಎಚ್ಚರಿಸುವುದು ಅಗತ್ಯ. ಅವುಗಳಿಂದಾಗುವ ಲಾಭ ಗೌಣ, ಅಪಾಯ ಗಣನೀಯ. ಅವೂ ಯಂತ್ರದ ಆರಂಭದೊಡನೆಯೇ ಆರಂಭವಾಗುವ ತಂತ್ರಾಂಶಗಳ ಪಟ್ಟಿಗೆ ಸೇರಿಕೊಳ್ಳುತ್ತವೆ. ಹಾಗೆಂದು ವೇಗದ ಆಸೆಗೆ ಆ್ಯಂಟಿವೈರಸ್ಸನ್ನು ನಿಲ್ಲಿಸುವುದೂ ಸಲ್ಲದು. ವಿಂಡೋಸಿನಲ್ಲಿ ಡಿಫೆಂಡರ್ ಅಂತರ್ಗತವಾಗಿಯೇ ಇದೆ. ಎರಡೆರಡು ರಕ್ಷಣಾ ತಂತ್ರಾಂಶಗಳನ್ನು ಒಂದೇ ಯಂತ್ರದಲ್ಲಿ ಇಟ್ಟು, ಒಂದು ಪರೀಕ್ಷಿಸಿದ ಕಡತವನ್ನು ಮತ್ತೊಂದು ಪರೀಕ್ಷಿಸುವಂತೆ ಮಾಡಿಕೊಳ್ಳಬಾರದಷ್ಟೆ. ಅಂತೆಯೇ, ಆರಂಭದಲ್ಲಿಯೇ ಇರಬೇಕಾದ ತಂತ್ರಾಂಶಗಳೂ ಉಂಟೆಂಬುದನ್ನು ಮರೆಯಬಾರದು. ನುಡಿ, ಬರಹಗಳಂಥ ತಂತ್ರಾಂಶಗಳ ಮೂಲಕ ಕನ್ನಡವನ್ನು ಟೈಪ್ ಮಾಡುವ ಗುಮಾಸ್ತರಿಗೆ ಅವು ಬೆಳಗಿನಿಂದಲೇ ಸಿದ್ಧವಾಗಿರಬೇಕು; ಅವನ್ನು ತಡೆದು ಉಳಿಸಿದ ಸೆಕೆಂಡು ಉಳಿತಾಯವಲ್ಲ. ಯಾವುದು ಬೇಕು, ಯಾವುದು ಬೇಡ ಎಂಬುದನ್ನು ನಿರ್ಣಯಿಸಬೇಕಾದವನು ಆ ಕುರ್ಚಿಯಲ್ಲಿ ಕುಳಿತು ದುಡಿಯುವವನು.

ಈ ಕಾಯುವಿಕೆ ಅನಿವಾರ್ಯವಲ್ಲವೆಂಬುದಕ್ಕೆ ನಿದರ್ಶನವೂ ಇದೆ. 2008ರಲ್ಲಿ ಅಮೆರಿಕದಲ್ಲಿ ನಡೆದ, ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ರೂಪಿಸುವವರ ಲಿನಕ್ಸ್ ಪ್ಲಂಬರ್ಸ್ ಸಮ್ಮೇಳನದಲ್ಲಿ, ಇಂಟೆಲ್ ಸಂಸ್ಥೆಯ ಅರ್ಯನ್ ವಾನ್ ಡೆ ವೆನ್ ಮತ್ತು ಔಕೆ ಕೊಕ್ ಎಂಬ ಎಂಜಿನಿಯರರು, ಏಸಸ್ ಈಪಿಸಿ ಎಂಬ ಪುಟ್ಟ, ಅಲ್ಪಬೆಲೆಯ ಲ್ಯಾಪ್‌ಟಾಪನ್ನು ಐದೇ ಸೆಕೆಂಡುಗಳಲ್ಲಿ ಸಿದ್ಧಗೊಳಿಸಿ ತೋರಿಸಿದರು. ತಿರುಳಿಗೆ ಒಂದು ಸೆಕೆಂಡು, ಪ್ರಾರಂಭದ ಕಾರ್ಯಗಳಿಗೆ ಒಂದು, ಚಿತ್ರವ್ಯವಸ್ಥೆಗೆ ಒಂದು, ಡೆಸ್ಕ್‌ಟಾಪಿಗೆ ಎರಡು ಎಂದು ಅವರು ಕಾಲವನ್ನು ಆಯವ್ಯಯದಂತೆ ಮೊದಲೇ ಹಂಚಿಬಿಟ್ಟಿದ್ದರು. ಆ ಮಿತಿಗೆ ತಕ್ಕಂತೆ ಪ್ರತಿಯೊಂದು ಭಾಗವೂ ತನ್ನನ್ನು ತಾನು ತಿದ್ದಿಕೊಳ್ಳಬೇಕಾಯಿತು. ಸಾಧನೆಗಿಂತ ಅವರು ವಿಧಿಸಿಕೊಂಡ ನಿಯಮ ನನಗೆ ಹೆಚ್ಚು ಪೂಜ್ಯವಾಗಿ ಕಾಣುತ್ತದೆ: ಡಿಸ್ಕೂ ಪ್ರೊಸೆಸರೂ ಬಿಡುವಾದ ಮೇಲೆಯೇ ಆರಂಭ ಮುಗಿಯಿತೆಂದು ಎಣಿಸಬೇಕು, ಹಿಂದೆ ಸರ್ವಿಸ್‌ಗಳನ್ನು ಓಡಿಸುತ್ತ ಮುಂದೆ ಡೆಸ್ಕ್‌ಟಾಪನ್ನು ತೋರಿಸುವುದು ನ್ಯಾಯವಲ್ಲ. ಇಂದು ಸಿಸ್ಟಮ್‌ಡಿ ಎಂಬ ಆರಂಭ ವ್ಯವಸ್ಥೆಯನ್ನು ಬಳಸುವ ಲಿನಕ್ಸ್ ಯಂತ್ರಗಳಲ್ಲಿ ಒಂದೇ ಒಂದು ಆಜ್ಞೆಯನ್ನು ಟೈಪ್ ಮಾಡಿದರೆ ಯಾವ ಸರ್ವಿಸ್ ಎಷ್ಟು ಹೊತ್ತು ತೆಗೆದುಕೊಂಡಿತೆಂಬ ಪಟ್ಟಿಯು, ಅತಿ ಹೆಚ್ಚು ತಡಮಾಡಿದುದು ಮೊದಲಾಗಿ, ಬಂದು ನಿಲ್ಲುತ್ತದೆ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ಮುಗಿಯಿತಾದ ಕಾರಣ ಶಾಲೆ ಕಚೇರಿಗಳಲ್ಲಿ ಯಂತ್ರಗಳ ಬದಲಾವಣೆಯ ಮಾತು ಈಗ ಮತ್ತಷ್ಟು ಹೆಚ್ಚಾಗಿದೆ. ಸುರಕ್ಷತೆಗಾಗಿ ಬದಲಾಯಿಸುವುದು ಒಂದು ಕಾರಣ, ಅದು ವಿಚಾರಾರ್ಹ. ನಿಧಾನವೆಂದು ಬದಲಾಯಿಸುವುದು ಮತ್ತೊಂದು, ಅದನ್ನು ಪರೀಕ್ಷಿಸದೆ ಒಪ್ಪಬಾರದು. ಈ ಎರಡನ್ನೂ ಬೆರೆಸಿ ಬರೆದ ಪ್ರಸ್ತಾವಕ್ಕೆ ಸಹಿ ಹಾಕುವ ಅಧಿಕಾರಿಗಳು, ಈ ಯಂತ್ರಗಳ ಸ್ಟಾರ್ಟ್‌ಅಪ್ ಪಟ್ಟಿಯನ್ನು ಯಾರಾದರೂ ತೆರೆದು ನೋಡಿದ್ದಾರೆಯೇ ಎಂದು ಕೇಳಿದರೆ ಸಾಕು. ಏಕೆಂದರೆ, 2000ದ ಸುಮಾರಿಗೆ ಭೂಮಿ ಯೋಜನೆಯಿಂದ ಪಹಣಿಯು ಗಣಕೀಕೃತವಾದಂದಿನಿಂದ ನಮ್ಮ ರೈತನ ಬೆಳಗು ತಾಲ್ಲೂಕು ಕಚೇರಿಯ ಯಂತ್ರದ ಬೆಳಗಿಗೆ ಕಟ್ಟುಬಿದ್ದಿದೆ. ಅಲ್ಲಿ ವ್ಯರ್ಥವಾಗುವ ನಿಮಿಷಗಳು ಯಂತ್ರದವಲ್ಲ, ಕೂಲಿ ಬಿಟ್ಟು, ಬಸ್ಸು ಹಿಡಿದು ಬಂದ ಮನುಷ್ಯನವು.

ತಂತ್ರಾಂಶ ರಚಿಸುವವರಿಂದ ನಾನು ಬಯಸುವುದು ಇಷ್ಟು: ಯಂತ್ರದೊಡನೆ ತಾನೂ ಆರಂಭವಾಗಬೇಕೆಂದು ಬಯಸುವ ಪ್ರತಿಯೊಂದು ತಂತ್ರಾಂಶವೂ ಅದನ್ನು ಒಡೆಯನಿಗೆ ಅವನ ಭಾಷೆಯಲ್ಲಿಯೇ ತಿಳಿಸಿ ಅಪ್ಪಣೆ ಕೇಳಲಿ, ಅವನು ಉತ್ತರಿಸದಿದ್ದರೆ ಬೇಡವೆಂದೇ ಅರ್ಥಮಾಡಿಕೊಳ್ಳಲಿ. ಕೊಳ್ಳುವ ಇಲಾಖೆಗಳಿಂದ ಬಯಸುವುದು ಇನ್ನೂ ಸುಲಭ. ಟೆಂಡರಿನಲ್ಲಿ ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು, ಪರದೆ ಎಷ್ಟು ಅಂಗುಲ ಎಂದು ಬರೆಯುವವರು, ಅದರ ಜತೆಗೆ, ಕಚೇರಿಗೆ ಅಗತ್ಯವಾದ ತಂತ್ರಾಂಶಗಳನ್ನೆಲ್ಲ ಹಾಕಿದ ಸ್ಥಿತಿಯಲ್ಲಿ ಗುಂಡಿಯನ್ನೊತ್ತಿದ ಮೇಲೆ ಕನ್ನಡದಲ್ಲಿ ಒಂದು ಸಾಲು ಟೈಪ್ ಮಾಡಿ ಮುದ್ರಿಸಲು ಎಷ್ಟು ಸೆಕೆಂಡು ಹಿಡಿಯಬಹುದೆಂಬ ಒಂದು ಮಿತಿಯನ್ನೂ ಸೇರಿಸಲಿ. ಅದನ್ನು ಅಳೆಯಲು ಪ್ರಯೋಗಶಾಲೆ ಬೇಕಿಲ್ಲ. ಯಂತ್ರವನ್ನು ವಶಕ್ಕೆ ತೆಗೆದುಕೊಳ್ಳುವ ದಿನ ಪೂರೈಕೆದಾರನ ಎದುರಿನಲ್ಲಿಯೇ, ಮತ್ತು ವರ್ಷ ಕಳೆದ ಮೇಲೆ ನಿರ್ವಹಣೆಯ ಗುತ್ತಿಗೆಯನ್ನು ನವೀಕರಿಸುವ ದಿನ ಮತ್ತೊಮ್ಮೆ, ಕಚೇರಿಯ ಯಾವ ಗುಮಾಸ್ತರಾದರೂ ಕೈಗಡಿಯಾರ ಹಿಡಿದು ಅಳೆದು ಬರೆದುಕೊಳ್ಳಬಹುದು.